ಕಿರಿ ಪರದೆಯಲ್ಲಿ ಯಾರು ಮೇಲೆ

ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಹುಡುಗಿಯೊಬ್ಬಳು ನಿಮ್ಮ ಹತ್ತಿರ ಬಂದು, "ಅಣ್ಣಾ, ಒಂದ್ನಿಮಿಷ ನಿಮ್ಮ ಮೊಬೈಲ್ ಕೊಡ್ತೀರಾ? ಫೋನ್ ಮಾಡೂದಲ್ಲ, ನೋಡೂದು ಅಷ್ಟೇ" ಎಂದು ಕೇಳಿದರೆ ಹೆದರಬೇಡಿ. ಅವಳು ತನುಜಾ. ಕಳ್ಳಿಯಲ್ಲ, ವೆಬ್‌ಸೈಟ್ ಮಾಡುವವಳು. ತಾನು ಮಾಡಿದ್ದು ನಿಮ್ಮ ಒಡೆದ ಗಾಜಿನ, ಅಕ್ಷರ ದೊಡ್ಡದು ಮಾಡಿಟ್ಟುಕೊಂಡ, ಹಳೇ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದು ನೋಡಿ, ತುಟಿ ಕಚ್ಚಿಕೊಂಡು, ವಾಪಸು ಕೊಟ್ಟು ಓಡುತ್ತಾಳೆ. ಥ್ಯಾಂಕ್ಸ್ ಹೇಳುವುದು ಅರ್ಧ ದಾರಿಯಲ್ಲಿ.

ಒಮ್ಮೆ ಹಾವೇರಿ ಬಸ್ಸಿಗೆ ಕಾಯುತ್ತಿದ್ದ ಯಜಮಾನರೊಬ್ಬರು, "ಯಾಕ್ರೀ ಬೇಕು ನಿಮಗ? ನಮ್ಮ ಫೋನ್ ನಾವು ಯಾರಿಗೂ ಕೊಡಂಗಿಲ್ರಿ" ಎಂದು ಗದರಿದ್ದರು. ಅವಳು ಬಿಡಲಿಲ್ಲ. "ನೀವೇ ಹಿಡ್ಕೊಳ್ಳಿ, ನಾನು ಬಗ್ಗಿ ನೋಡ್ತೇನೆ" ಎಂದಳು. ಅವರು ಹಿಡಿದುಕೊಂಡರು, ಇವಳು ಬಗ್ಗಿ ನೋಡಿದಳು. ಬಸ್ಸು ಬಂದು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆ ಯಜಮಾನರನ್ನು ಸಮಾಧಾನ ಮಾಡಿ ಚಹಾ ಕುಡಿಸಿ ಮುಂದಿನ ಬಸ್ಸು ಹತ್ತಿಸಿದ್ದು ನಾನು.

ನಾನು ಯಾರೆಂದರೆ, ಉದಯ. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಮದುವೆ ಕಾಗದ, ಬಿಲ್ ಪುಸ್ತಕ, ಜೇನಿನ ಬಾಟಲಿಯ ಲೇಬಲ್ಲು, ಇಂಥವೇ ಕೆಲಸ. ಅದರ ಕಿಟಕಿ ಪಕ್ಕದ ಮೇಜನ್ನು ತನುಜಾಗೆ ಬಿಟ್ಟುಕೊಟ್ಟಿದ್ದೇನೆ. ಕೊಡುವಾಗ, ಹೆಣ್ಣುಮಗಳು, ಒಂದು ಮೂಲೆಯಲ್ಲಿ ಕೂತು ಕೆಲಸ ಮಾಡಿಕೊಳ್ಳಲಿ ಎಂದುಕೊಂಡಿದ್ದೆ. ಕೂರಬೇಕಲ್ಲ! ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಬೆಳಿಗ್ಗೆ ಇಸಳೂರಿನ ಬಾಡಿಗೆ ಕೋಣೆಯಿಂದ ಸ್ಕೂಟರಿನಲ್ಲಿ ಬರುತ್ತಾಳೆ, ಹೆಲ್ಮೆಟ್ ತೆಗೆಯುವ ಮೊದಲೇ ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ, ಅದು ಎಚ್ಚರಾಗುವಷ್ಟರಲ್ಲಿ ಎದುರಿನ ಅಂಗಡಿಗೆ ಹೋಗಿ ಯಾರದೋ ಮೊಬೈಲ್ ನೋಡಿ ಬಂದಿರುತ್ತಾಳೆ.

ಕೂತಾಗಲೂ ಕೈ ಸುಮ್ಮನಿರುವುದಿಲ್ಲ. ಪರದೆಯ ಮೇಲಿನ ಪುಟದ ಅಂಚನ್ನು ಹಿಡಿದು ಕಿರಿದು ಮಾಡುವುದು, ಅಗಲ ಮಾಡುವುದು, ಮತ್ತೆ ಕಿರಿದು ಮಾಡುವುದು. ಪುಟ ಕಿರಿದಾದಂತೆ ಪಕ್ಕದಲ್ಲಿದ್ದ ಚಿತ್ರ ಕೆಳಗಿಳಿಯುತ್ತದೆ, ಅಗಲವಾದರೆ ಮತ್ತೆ ಮೇಲೆ ಹತ್ತಿ ಪಕ್ಕದಲ್ಲಿ ಕೂರುತ್ತದೆ. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು.

"ಎಂತಕ್ಕೆ ಹಾಂಗೆ ಎಳದಾಡ್ತೀಯೆ ಅದನ್ನ? ನನ್ನ ಕಾಗದ ನೋಡು. ಒಂದು ಅಳತೆಗೆ ಕೊಯ್ದರೆ ಸಾಯೂವರೆಗೂ ಅದೇ ಅಳತೆ" ಎಂದು ನಾನು ಹಂಗಿಸುತ್ತಿದ್ದೆ.

"ನಿಮ್ಮ ಕಾಗದಕ್ಕೆ ಸೊಕ್ಕು ಉದಯಣ್ಣ. ಓದುವವ್ರೇ ಬಗ್ಗಬೇಕು. ನಮ್ದು ಹಾಂಗಲ್ಲ, ಓದುವವ್ರ ಕೈಯಲ್ಲಿ ಎಷ್ಟು ದೊಡ್ಡದಿದೆಯೋ ಅಷ್ಟಕ್ಕೆ ನಾವೇ ಬಗ್ತೇವೆ."

ಇದು ಅವಳು ಓದಿ ಕಲಿತ ಮಾತಲ್ಲ. ಸಿದ್ದಾಪುರದ ಆಚೆ ಹೊಳೆಯಂಚಿನ ಊರಿನವಳು. ಅಪ್ಪನದು ಭತ್ತದ ಗದ್ದೆ. ಶಿರಸಿಯಲ್ಲಿ ಕಂಪ್ಯೂಟರ್ ಡಿಗ್ರಿ ಓದುವಾಗ ಅವಳ ಹತ್ತಿರ ಕಂಪ್ಯೂಟರೇ ಇರಲಿಲ್ಲ. ಇದ್ದದ್ದು ಗಾಜು ಒಡೆದ ಒಂದು ಮೊಬೈಲ್. ವೆಬ್‌ಸೈಟ್ ಬರೆಯುವುದನ್ನು ಅದರಲ್ಲೇ ಕಲಿತಳು. ಕಲಿಸುವ ಪುಟಗಳೆಲ್ಲ ದೊಡ್ಡ ಪರದೆಯವರಿಗಾಗಿ ಮಾಡಿದವು, ಅರ್ಧ ಸಾಲು ಒಳಗೆ ಅರ್ಧ ಹೊರಗೆ. ಆ ಸಿಟ್ಟಿನಿಂದಲೇ ಅವಳು ಒಂದು ನೇಮ ಮಾಡಿಕೊಂಡಿದ್ದಳು. ಯಾರ ವೆಬ್‌ಸೈಟೇ ಆಗಲಿ, ಮೊದಲು ಸಣ್ಣ ಮೊಬೈಲಿಗೆ ಮಾಡುವುದು, ಅದು ಸರಿಹೋದ ಮೇಲೆ ದೊಡ್ಡದಕ್ಕೆ ಹಿಗ್ಗಿಸುವುದು. ಆ ನೇಮ ತಪ್ಪಿದ್ದು ಒಂದೇ ಸಲ, ಅದೂ ಸ್ವಂತ ಅಮ್ಮನ ಕೆಲಸದಲ್ಲಿ.

ಅವಳ ಅಮ್ಮ ಹೊನ್ನಿಯನ್ನು ನಾನು ಮೊದಲಿನಿಂದ ಬಲ್ಲೆ. ಹೊಳೆಯಂಚಿನ ಅಪ್ಪೆಮಿಡಿ ಮಾವಿನ ಮರಗಳಲ್ಲಿ ಯಾವುದರ ಮಿಡಿಗೆ ಜೀರಿಗೆ ಪರಿಮಳ, ಯಾವುದಕ್ಕೆ ಕರ್ಪೂರದ್ದು ಎಂದು ಸೊನೆ ಮೂಸಿ ಹೇಳುವವಳು. ಶಿರಸಿ ಸಂತೆಯಲ್ಲಿ ಮಿಡಿ ಹರವಿಕೊಂಡು ಕೂರುತ್ತಿದ್ದಳು. ಅಲ್ಲಿಗೆ ಕೊಳ್ಳಲು ಬಂದವರು ಹೆಗಡೆಕಟ್ಟಾದ ಲಕ್ಷ್ಮಕ್ಕ. ಚೌಕಾಸಿಯಿಂದ ಶುರುವಾದ ಪರಿಚಯ ಸ್ನೇಹಕ್ಕೆ ತಿರುಗಿತು. ಎಷ್ಟರಮಟ್ಟಿಗೆಂದರೆ, ಲಕ್ಷ್ಮಕ್ಕ ಇವಳ ಹತ್ತಿರ ತಮ್ಮ ಮನೆಮಾತಿನಲ್ಲೇ ಮಾತಾಡುತ್ತಾರೆ, ಇವಳು ತನ್ನ ಮಾತಿನಲ್ಲಿ ಉತ್ತರ ಕೊಡುತ್ತಾಳೆ. ಆಮೇಲೆ ಇಬ್ಬರೂ ಕೂಡಿ ಉಪ್ಪಿನಕಾಯಿ ಮಾರಲು ತೊಡಗಿದರು. ಮಿಡಿ ಆರಿಸಿ ಉಪ್ಪಿನಲ್ಲಿ ಹಾಕಿ ಚಿರುಟಿಸುವುದು ಹೊನ್ನಿಯ ಅಂಗಳದಲ್ಲಿ. ಮಸಾಲೆ ಅರೆದು ಕಲಸುವುದು ಲಕ್ಷ್ಮಕ್ಕನ ಅಡುಗೆಮನೆಯಲ್ಲಿ. ಪಾಲು ಸಮಪಾಲು. ಲೇಬಲ್ಲು ಅಚ್ಚು ಹಾಕಿದವನು ನಾನು. ಇಬ್ಬರ ಹೆಸರನ್ನೂ ಬಾಟಲಿಯ ಮುಚ್ಚಳದ ಸುತ್ತ ದುಂಡಗೆ ಬರೆದೆ. ದುಂಡಗಿದ್ದರೆ ಮೊದಲು ಯಾರು, ಆಮೇಲೆ ಯಾರು ಎಂದು ಕೇಳುವವರಿಲ್ಲ. ಮದುವೆ ಕಾಗದದಲ್ಲಿ ಯಾರ ಹೆಸರು ಮೇಲೆ ಎಂದು ಅಣ್ಣತಮ್ಮಂದಿರು ನನ್ನ ಮೇಜಿನ ಎದುರೇ ಕೈ ಕೈ ಮಿಲಾಯಿಸಿದ್ದನ್ನು ಕಂಡವನು ನಾನು. ಈ ಊರಲ್ಲಿ ಹೆಸರಿನ ಸಾಲು ಅಂದರೆ ಹುಡುಗಾಟವಲ್ಲ.

ವ್ಯಾಪಾರ ಬೆಳೆಯಿತು, ವೆಬ್‌ಸೈಟ್ ಬೇಕಾಯಿತು. ಮಗಳಿರುವಾಗ ಬೇರೆಯವರೇಕೆ? ಲಕ್ಷ್ಮಕ್ಕನ ಮಗ ಸಂದೇಶ ಪಾರ್ಸೆಲ್ ವ್ಯವಹಾರ ನೋಡಿಕೊಳ್ಳುವವನು. ಅವನಿಗೆ ದೊಡ್ಡಸ್ತಿಕೆ. "ಮನೇಲಿ ಹೊಸ ಟಿವಿ ತಂದಿದ್ದು. ಉದ್ಘಾಟನೆ ಅದರ ಮೇಲೇ ಆಗ್ಲಿ. ನೆಂಟರೆಲ್ಲ ಬರ್ತ್ರು, ಚಂದ ಕಾಣಕ್ಕು" ಎಂದು ದಿನಾ ಫೋನು. ತನುಜಾ ಟಿವಿಗೆ ಮಾಡಿದಳು. ಗೋಡೆಯಗಲದ ಪರದೆ, ಎಡಕ್ಕೆ ಅಡುಗೆಮನೆಯಲ್ಲಿ ನಗುತ್ತಿರುವ ಲಕ್ಷ್ಮಕ್ಕ, ಬಲಕ್ಕೆ ಅಂಗಳದಲ್ಲಿ ಮಿಡಿ ಹಿಡಿದ ಹೊನ್ನಿ, ಒಂದೇ ಎತ್ತರ, ಒಂದೇ ಅಗಲ, ನಡುವೆ ಭರಣಿ. ಚಂದವೇ ಇತ್ತು, ಸುಳ್ಳೇಕೆ ಹೇಳಲಿ. ನೆಂಟರು ಚಪ್ಪಾಳೆ ತಟ್ಟಿದರು. ಹೊನ್ನಿ ಜಗುಲಿಯ ಕಟ್ಟೆಯ ಮೇಲೆ ಕೂತು ಬಾಗಿಲೊಳಗಿಂದ ನೋಡಿದಳು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ, ಬರಬೇಡ ಎಂದೂ ಯಾರೂ ಹೇಳಲಿಲ್ಲ. ಆ ಮನೆಯಲ್ಲಿ ಅವಳ ಜಾಗ ಮೊದಲಿನಿಂದಲೂ ಜಗುಲಿಯೇ. ಆದರೆ ಅವತ್ತು ಅವಳ ಮುಖದಲ್ಲಿದ್ದ ಬೆಳಕನ್ನು ನಾನು ನೋಡಿದ್ದೇನೆ. ಜಗುಲಿಯಲ್ಲಿ ಕೂತವಳ ಪಟ ಒಳಗಿನ ಗೋಡೆಯ ಮೇಲೆ ಮನೆಯೊಡತಿಯ ಪಕ್ಕದಲ್ಲಿತ್ತು.

ಎಡವಟ್ಟಾದದ್ದು ಯಲ್ಲಾಪುರದಲ್ಲಿ. ಹೊನ್ನಿಯ ತಂಗಿಯ ಹೊಸ ಮನೆಯ ಒಕ್ಕಲು. ಊಟ ಮುಗಿಸಿ ಎಲೆಯಡಿಕೆ ಹಾಕುತ್ತ ಹೆಂಗಸರೆಲ್ಲ ಸುತ್ತ ಕೂತಾಗ ಹೊನ್ನಿಯೇ ಹೆಮ್ಮೆಯಿಂದ, "ನಮ್ಮ ತನುಜಾ ಮಾಡಿದ್ದು, ನೋಡ್ರೇ" ಎಂದು ತಂಗಿಯ ಮಗಳು ಮಮತಾಳ ಮೊಬೈಲಿನಲ್ಲಿ ತೆರೆಸಿದ್ದಾಳೆ. ಕೈಯಗಲದ ಪರದೆ. ಲಕ್ಷ್ಮಕ್ಕ ಮೇಲೆ, ಇಡೀ ಪರದೆಯ ತುಂಬ. ಹೊನ್ನಿ ಎಲ್ಲಿ? ಬೆರಳಿನಿಂದ ಮೇಲೆ ಸರಿಸಬೇಕು, ಭರಣಿ ದಾಟಬೇಕು, ಆಮೇಲೆ ಅಡಿಯಲ್ಲಿ ಹೊನ್ನಿ.

"ಇದೆಂತ ಹೊನ್ನಕ್ಕ, ನಿನ್ನ ಕಾಲ್ಬುಡದಲ್ಲಿ ಹಾಕಿದಾರಲೆ" ಎಂದಳು ಒಬ್ಬಳು. ಇನ್ನೊಬ್ಬಳು, "ಅವ್ರು ಯಜಮಾನ್ತಿ, ಇವ್ಳು ಕೆಲಸಕ್ಕೆ ಹೋಪವ್ಳು ಅಂತ ಕಾಣ್ತದೆ" ಎಂದು ನಕ್ಕಳು. ಕೆಟ್ಟದ್ದು ಬಯಸಿ ಅಂದದ್ದಲ್ಲವಂತೆ. ಇಂಥ ಮಾತನ್ನು ಕೆಟ್ಟದ್ದು ಬಯಸದೆ ಅನ್ನುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು.

ಹೊನ್ನಿ ಜಗಳವಾಡಲಿಲ್ಲ. ಊರಿಗೆ ಬಂದು ಮಗಳಿಗೆ ಫೋನ್ ಮಾಡಿ, "ಈ ಸಲ ನಾನು ಮಿಡಿ ಉಪ್ಪಿಗೆ ಹಾಕೂದಿಲ್ಲ ಅಂತ ಲಕ್ಷ್ಮಕ್ಕಂಗೆ ಹೇಳ್ಬಿಡು" ಎಂದಳು. ಮಿಡಿಯ ಕಾಲ ಎಷ್ಟು ದಿನದ್ದು? ಮರದಲ್ಲಿ ಬಲಿತರೆ ಕೆಟ್ಟಿತು, ಕೊಯ್ದು ಇಟ್ಟರೆ ಬಾಡಿತು. ಈ ಹಂಗಾಮು ತಪ್ಪಿದರೆ ಆ ಇಬ್ಬರು ಹೆಂಗಸರು ಕಟ್ಟಿದ್ದು ಅಲ್ಲಿಗೆ ಮುಗಿಯಿತು. ಸ್ನೇಹವೂ ಉಳಿಯುತ್ತಿರಲಿಲ್ಲ. ಅದು ತನ್ನ ಕೈಯಿಂದ ಆದದ್ದು ಎಂದು ತನುಜಾಗೆ ಗೊತ್ತಿತ್ತು.

ಆಮೇಲಿನದನ್ನು ಕಣ್ಣಾರೆ ಕಂಡವನು ನಾನು, ಅನುಭವಿಸಿದವನೂ ನಾನೇ. ಹುಡುಗಿ ಮೇಜಿಗೂ ಬಸ್ ಸ್ಟ್ಯಾಂಡಿಗೂ ನಡುವೆ ತಿರುಗಿದ್ದೇ ತಿರುಗಿದ್ದು. ಮೊದಲು ಸಾಲು ತಿರುಗಿಸಿದಳು. ಮೊಬೈಲಿನಲ್ಲಿ ಹೊನ್ನಿ ಮೇಲೆ, ಲಕ್ಷ್ಮಕ್ಕ ಕೆಳಗೆ. ಅದೇ ಸಂಜೆ ಲಕ್ಷ್ಮಕ್ಕನ ಗಂಡ ನಾಗಪತಿಯವರ ಫೋನು. "ತಂಗೀ, ಎಂಗೆ ಎಂತ ಬೇಜಾರೂ ಇಲ್ಲೆ. ಆದರೆ ಸೊಸೈಟಿಲಿ ನಾಕು ಜನ ಕೇಳ್ತ್ರು ನೋಡು." ಬೇಜಾರಿಲ್ಲದವರು ಫೋನ್ ಯಾಕೆ ಮಾಡುತ್ತಾರೆ, ಮಾರಾಯರೆ? ಅದನ್ನೂ ತೆಗೆದಳು. ಸಣ್ಣ ಪರದೆಯಲ್ಲೂ ಪಕ್ಕಪಕ್ಕವೇ ನಿಲ್ಲುವ ಹಾಗೆ ಇಬ್ಬರನ್ನೂ ಕುಗ್ಗಿಸಿದಳು. ಮುಖಗಳು ಉದ್ದಿನಕಾಳಿನಷ್ಟಾದವು, ಹೆಸರು ಓದಲು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ, "ಇದು ಯಾರು, ಅಣ್ಣತಂಗಿಯಾ?" ಎಂದು ಕೇಳಿದ. ಕೊನೆಗೆ ಒಂದು ಸಲ ತೆರೆದರೆ ಇವರು ಮೇಲೆ, ಇನ್ನೊಂದು ಸಲ ತೆರೆದರೆ ಅವರು ಮೇಲೆ ಬರುವ ಹಾಗೆ ಮಾಡಿದಳು. ಅದನ್ನು ನನಗೆ ತೋರಿಸುವಾಗ ಕಣ್ಣು ಮಿನುಗುತ್ತಿತ್ತು.

"ಇದೇನೇ ಇದು, ತಕ್ಕಡಿಯಾ? ಬೆಳಿಗ್ಗೆ ಒಂದು ಕಡೆ ತೂಗಿ, ಸಂಜೆ ಇನ್ನೊಂದು ಕಡೆ ತೂಗ್ಲಿಕ್ಕೆ? ಕೂತ್ಕೊಳೇ ಮಾರಾಯ್ತಿ! ಒಂದು ಸಲ ಊರಿಗೆ ಹೋಗಿ ಅಮ್ಮನ ಮುಖ ನೋಡಿ ಮಾತಾಡು" ಎಂದು ನಾನು ಕೂಗಿಯೇಬಿಟ್ಟೆ.

ಅವಳು ಹೋದಳು. ಅಲ್ಲಿ ನಡೆದ ಮಾತನ್ನು ಮರುದಿನ ಅವಳೇ ನನಗೆ ಹೇಳಿದ್ದು. ಹೊನ್ನಿ ಒಲೆಯ ಮುಂದೆ ಕೂತು ಬೆಂಕಿ ಸರಿಮಾಡುತ್ತ ಕೇಳಿದಳಂತೆ.

"ದೊಡ್ಡ ಟಿವೀಲಿ ಪಕ್ಕಪಕ್ಕ ಇದ್ವಲೆ. ಸಣ್ಣದ್ರಲ್ಲಿ ನಾನು ಹ್ಯಾಂಗೆ ಕೆಳಗೆ ಬಂದೆ?"

"ಜಾಗ ಸಾಲೂದಿಲ್ಲ ಅಮ್ಮ. ಮೊದ್ಲು ಬರ್ದದ್ದು ಮೇಲೆ ನಿಲ್ತದೆ. ಆಮೇಲೆ ಬರ್ದದ್ದು ಅದ್ರ ಕೆಳಗೆ ಇಳೀತದೆ."

"ಲಕ್ಷ್ಮಕ್ಕನ್ನ ಮೊದ್ಲು ಬರಿ ಅಂತ ಸಂದೇಶ ಹೇಳಿದ್ನಾ?"

"ಇಲ್ಲ."

"ಅವ್ರ ಮನೆ ಹೆಗಡೇರು?"

"ಇಲ್ಲಮ್ಮ. ಯಾರೂ ಹೇಳಿಲ್ಲ. ಬರೀವಾಗ ಹಾಂಗೇ ಬಂತು."

ಹೊನ್ನಿ ಒಲೆಗೆ ಇನ್ನೊಂದು ಕೊಳ್ಳಿ ತಳ್ಳಿದಳಂತೆ. "ಅದೇ ಮಗಾ ನಂಗೆ ಉರಿಯೂದು. ಯಾರಾರು ಹೇಳಿ ಬರ್ಸಿದ್ರೆ ನಾನು ಅವ್ರ ಹತ್ರ ಜಗಳ ಆಡ್ತಿದ್ದೆ. ನನ್ನ ಹೊಟ್ಟೇಲಿ ಹುಟ್ಟಿದವ್ಳಿಗೂ ಹೇಳದೆ ಹಾಂಗೇ ಬಂತಲೆ. ನಾನು ಯಾರ ಹತ್ರ ಆಡ್ಲಿ?"

ಇದನ್ನು ಹೇಳುವಾಗ ತನುಜಾ ನನ್ನ ಕಾಗದ ಕೊಯ್ಯುವ ಯಂತ್ರದ ಪಕ್ಕ ನಿಂತು ಅತ್ತಳು. ಅಗಲ ಬೇಕಾದಷ್ಟಿರುವಾಗ ಎಲ್ಲರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಸುಲಭ. ಜಾಗ ಕಿರಿದಾದಾಗ ನಮ್ಮೊಳಗೆ ಯಾರು ಮೊದಲು ಎಂದು ಬರೆದಿಟ್ಟದ್ದು ಹೊರಗೆ ಬರುತ್ತದೆ. ನಮಗೇ ಗೊತ್ತಿಲ್ಲದೆ ಬರೆದಿಟ್ಟಿರುತ್ತೇವೆ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಬೇಡಿ.

ಕಣ್ಣೊರೆಸಿಕೊಂಡವಳೇ ಹೆಲ್ಮೆಟ್ ಎತ್ತಿಕೊಂಡಳು. "ಹೆಗಡೆಕಟ್ಟಾಕ್ಕೆ ಹೋಗ್ತೇನೆ. ಲಕ್ಷ್ಮಕ್ಕಂಗೆ ಇದ್ದದ್ದು ಇದ್ದಾಂಗೆ ಹೇಳ್ತೇನೆ. ಆಗಿದ್ದಾಗ್ಲಿ." ಆ ಅವಸ್ಥೆಯಲ್ಲಿ ಸ್ಕೂಟರ್ ಓಡಿಸುವುದು ಬೇಡವೆಂದು ನಾನೇ ನನ್ನ ಓಮ್ನಿಯಲ್ಲಿ ಕರೆದುಕೊಂಡು ಹೋದೆ.

ಲಕ್ಷ್ಮಕ್ಕ ಜಗುಲಿಯಲ್ಲಿ ಮೆಣಸು ಹಸನು ಮಾಡುತ್ತಿದ್ದರು. ತನುಜಾ ಎಲ್ಲವನ್ನೂ ಹೇಳಿದಳು. ಯಲ್ಲಾಪುರದ ನಗೆ, ಒಲೆಯ ಮುಂದಿನ ಮಾತು, ಒಂದನ್ನೂ ಬಿಡಲಿಲ್ಲ. ಆಮೇಲೆ ಮೊಬೈಲಿನಲ್ಲಿ ಹಳೆಯ ಪುಟವನ್ನೇ ತೆರೆದು ಅವರ ಕೈಗೆ ಕೊಟ್ಟಳು. "ಆನು ಇದನ್ನ ನೋಡಿದ್ದೇ ಇಲ್ಲೆ. ಟಿವಿ ಮೇಲೆ ನೋಡಿದ್ದು ಅಷ್ಟೇಯ" ಎಂದರು ಲಕ್ಷ್ಮಕ್ಕ. ಬೆರಳಿನಿಂದ ಸರಿಸಿ ಸರಿಸಿ ಹೊನ್ನಿಯವರೆಗೆ ಹೋದರು. ಮತ್ತೆ ಮೇಲೆ ಬಂದರು. ಮತ್ತೆ ಕೆಳಗೆ ಹೋದರು.

"ಇಬ್ಬರೂ ಒಂದೇ ಫೋಟೋದಲ್ಲಿದ್ರೆ ಮೊಬೈಲಿಗೆ ಅದನ್ನ ಒಡೀಲಿಕ್ಕೆ ಬರೂದಿಲ್ಲ ಲಕ್ಷ್ಮಕ್ಕ" ಎಂದಳು ತನುಜಾ. "ಆದ್ರೆ ನಿಮ್ಮಿಬ್ರದ್ದು ಒಟ್ಟಿಗೆ ಒಂದೂ ಫೋಟೋ ಇಲ್ಲ."

ಒಳಗಿನಿಂದ ನಾಗಪತಿಯವರು, "ಅಷ್ಟೇ ಅಲ್ದಾ? ಹೊನ್ನಿಗೆ ಬಪ್ಪಲೆ ಹೇಳು. ಅಡುಗೆಮನೇಲಿ ಇಬ್ರೂ ನಿಂತ್ಕಂಡು ಒಂದು ಫೋಟೋ ತೆಗದ್ರಾತು" ಎಂದರು. ಅವರ ಲೆಕ್ಕದಲ್ಲಿ ಅದು ದೊಡ್ಡ ಔದಾರ್ಯವೇ. ಸಮಸ್ಯೆ ಮುಗಿಯಿತೆಂದು ಪೇಪರು ಬಿಡಿಸಿಕೊಂಡರು.

ಲಕ್ಷ್ಮಕ್ಕ ಮೆಣಸಿನ ಮೊರವನ್ನು ಬದಿಗಿಟ್ಟರು. "ಇಷ್ಟು ವರ್ಷ ಒಳಗೆ ಕರೀದೆ, ಈಗ ಫೋಟೋಕ್ಕೆ ಬೇಕು ಹೇಳಿ ಕರೆಯದನಾ? ಹೊನ್ನಿ ಬರ್ತಿಲ್ಲೆ. ಬರ್ಲೂ ಆಗದು." ಎದ್ದು ಸೆರಗು ಕೊಡವಿದರು. "ಉದಯ, ನಿನ್ನ ಗಾಡಿಲಿ ಜಾಗ ಇದ್ದಾ? ಆನೇ ಹೋಗ್ತೆ."

ಸಿದ್ದಾಪುರ ದಾಟಿ ಮಣ್ಣು ರಸ್ತೆಗೆ ಇಳಿಯುವಾಗ ಲಕ್ಷ್ಮಕ್ಕ ಒಮ್ಮೆ, "ಹೊನ್ನಿ ಇಷ್ಟು ದೂರದಿಂದ ಮಿಡಿ ಕ್ಯಾನು ಹೊತ್ಕಂಡು ಬಸ್ಸಿಗೆ ಬರ್ತಿತ್ತನ" ಎಂದು ತಮ್ಮಷ್ಟಕ್ಕೇ ಅಂದರು. ಅವರು ಆ ಮನೆಗೆ ಬರುತ್ತಿರುವುದು ಅದೇ ಮೊದಲು.

ಹೊನ್ನಿ ಅಂಗಳದಲ್ಲಿದ್ದಳು. ಮರ ಹತ್ತುವವರು ಪ್ರತಿವರ್ಷದ ರೂಢಿಯಂತೆ ಮಿಡಿ ಕೊಯ್ದು ತಂದು ಸುರಿದು ಹೋಗಿದ್ದರು. ಚಪ್ಪರದ ನೆರಳಿನಲ್ಲಿ ರಾಶಿ ಹಾಗೇ ಬಿದ್ದಿತ್ತು. ಉಪ್ಪು ಹಾಕಿರಲಿಲ್ಲ. ಗಾಡಿಯಿಂದ ಇಳಿದವರನ್ನು ಕಂಡು ಹೊನ್ನಿ ಎದ್ದು ನಿಂತಳು. ಬನ್ನಿ ಎನ್ನಲೂ ಇಲ್ಲ, ಯಾಕೆ ಬಂದಿರಿ ಎನ್ನಲೂ ಇಲ್ಲ. ಇವತ್ತು ಇದು ಮುರಿದೇಹೋಯಿತು ಎಂದು ನನಗೆ ಅನ್ನಿಸಿತು.

ಲಕ್ಷ್ಮಕ್ಕನ ಕಣ್ಣು ಹೋದದ್ದು ರಾಶಿಯ ಮೇಲೆ. "ಅಯ್ಯೋ, ಮಿಡಿ ಬಾಡ್ತಾ ಇದ್ದಲೇ! ನಿಂಗೆ ನನ್ನ ಮೇಲೆ ಸಿಟ್ಟು ಬಂದ್ರೆ ಮಿಡಿ ಎಂತ ಮಾಡಿತ್ತೇ?" ಎನ್ನುತ್ತ ನೆಲದ ಮೇಲೇ ಕೂತು ತೊಟ್ಟು ಮುರಿಯಲು ಶುರುಮಾಡಿಬಿಟ್ಟರು. "ತೊಟ್ಟು ಅಷ್ಟು ಗಿಡ್ಡ ಮಾಡೂದಲ್ಲ ಲಕ್ಷ್ಮಕ್ಕ, ಸೊನೆ ಹೋತದೆ" ಎಂದು ಹೊನ್ನಿ ರಾಶಿಯ ಇನ್ನೊಂದು ತುದಿಯಲ್ಲಿ ಕೂತಳು.

ಇಬ್ಬರೂ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ತನುಜಾ ಎದುರಿಗೆ ನಿಂತು ಮೊಬೈಲ್ ಹಿಡಿದಳು, ಜನ ಹಿಡಿಯುವಂತೆ ಉದ್ದಕ್ಕೆ. ಆ ಅಗಲದಲ್ಲಿ ರಾಶಿ ಹಿಡಿಯಿತು, ಇಬ್ಬರು ಹಿಡಿಯಲಿಲ್ಲ. ಹಿಂದೆ ಸರಿದಳು, ಬೇಲಿ ಬೆನ್ನಿಗೆ ತಾಗಿತು. ಎಡಕ್ಕೆ ಹೋದಳು, ಬಲಕ್ಕೆ ಬಂದಳು.

"ಸ್ವಲ್ಪ ಹತ್ರ ಬನ್ನಿ" ಎಂದಳು. ಹೊನ್ನಿ ಒಂಚೂರು ಜರುಗಿ ಕೂತಳು. ನಡುವೆ ಇನ್ನೂ ಒಂದು ಮೊಳ ಜಾಗ. ಅಷ್ಟು ಜಾಗ ಬಿಟ್ಟು ಕೂರುವುದನ್ನು ಅವಳ ಮೈಯೇ ಕಲಿತಿತ್ತು. "ಇನ್ನೂ ಹತ್ರ ಅಮ್ಮ, ಹಿಡೀತಾ ಇಲ್ಲ." ಹೊನ್ನಿ ಅಲ್ಲಾಡಲಿಲ್ಲ.

ಲಕ್ಷ್ಮಕ್ಕ ಅವಳ ಮುಖ ನೋಡಿದರು. ಆಮೇಲೆ ಕೈಯೂರಿ ತಾವೇ ಜರುಗಿದರು, ಭುಜಕ್ಕೆ ಭುಜ ತಾಗುವವರೆಗೂ. ಸೊನೆ ಮೆತ್ತಿದ ಕೈಯನ್ನು ಹೊನ್ನಿಯ ಮೊಣಕಾಲ ಮೇಲೆ ಇಟ್ಟರು. "ಈಗ ಹಿಡಿತ್ತನೇ?" ಎಂದು ತನುಜಾಳನ್ನು ಕೇಳಿದರು. ಮೊದಲಿನ ಫೋಟೋ ಮಸುಕಾಯಿತು, ಇನ್ನೊಂದು ತೆಗೆದಳು.

ಮಿಡಿಗೆ ಉಪ್ಪು ಹಾಕಿದ್ದಾಯಿತು. ಕೈ ತೊಳೆದದ್ದಾಯಿತು. ಹೊನ್ನಿ ಅಂಗಳದಲ್ಲಿ ಸುಮ್ಮನೆ ನಿಂತಳು. ನಾನು ಹೋದಾಗಲೆಲ್ಲ ಇಳಿಯುವ ಮೊದಲೇ ಚಹಾಕ್ಕೆ ನೀರಿಡುವವಳು ಅವತ್ತು ಅದರ ಸುದ್ದಿಯನ್ನೇ ಎತ್ತಲಿಲ್ಲ. ಕೊಟ್ಟು, ಅವರು ಬೇಡ ಎಂದರೆ? ಆ ಒಂದು ಮಾತನ್ನು ಕೇಳಬಾರದೆಂದು ಅವಳು ಕೊಡುವುದನ್ನೇ ಬಿಟ್ಟಿದ್ದಳು. ನನಗೆ ಅರ್ಥವಾಯಿತು, ತನುಜಾಗೂ ಆಯಿತು.

ಲಕ್ಷ್ಮಕ್ಕ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡರು. "ಎಂತದೇ ಹೊನ್ನಿ, ಮನೆಗೆ ಬಂದವ್ಕೆ ಒಂದು ಚಾ ಸೈತ ಕೊಡ್ತಿಲ್ಯನೇ?"

ಹೊನ್ನಿ ಒಳಗೆ ಹೋದಳು. ಚಹಾ ಕುದಿಯುವ ವಾಸನೆ ಬಂತು, ಚಹಾ ಮಾತ್ರ ಬರಲಿಲ್ಲ. ತನುಜಾ ಎದ್ದು ಹೋದಳು, ಬಾಗಿಲಲ್ಲೇ ನಿಂತಳು. ಅವಳ ಹಿಂದಿನಿಂದ ನಾನೂ ಇಣುಕಿದೆ. ಬಚ್ಚಲಿನ ಹತ್ತಿರ ಹೊನ್ನಿ ನಮಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದಳು. ಫಳಫಳ ಹೊಳೆಯುವ ಒಂದು ಲೋಟವನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು, ತೊಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು, ಮತ್ತೆ ತಿಕ್ಕುತ್ತಿದ್ದಳು.